ಎಡಗಾಲಿನ ಬೂಟು

ಲೂಮಿಂಗ್ ಗಂಜಿ ತೊಳಸುತ್ತಿದ್ದಳು. ಶುಂಠಿ ಹಾಕಿದ ಗಂಜಿ ತಳ ಹಿಡಿಯುವುದಕ್ಕೆ ಹೊತ್ತು ಬೇಡ, ಮೈಮರೆಯುವ ಹಾಗಿಲ್ಲ. ಹೆಣ ಕಾಯಲು ರಾತ್ರಿಯಿಡೀ ಇಸ್ಪೀಟಾಡುತ್ತ ಕೂತವರು ಬೆಳಗಾದರೆ ಕಾಫಿಯ ಜೊತೆಗೆ ಅದನ್ನೇ ಕೇಳುತ್ತಾರೆ. ಅಷ್ಟರಲ್ಲಿ ಮುಂದಿನ ಕ್ಷೌರದಂಗಡಿಯಿಂದ ಕಸಬರಿಕೆಯ ಸದ್ದು ಬಂತು. ಸೌಟು ಹಿಡಿದುಕೊಂಡೇ ಓಡಿದಳು.

"ಚಾರಿಂಗ್! ಇಡು ಅದನ್ನ ಕೆಳಗೆ!"

ನಾದಿನಿ ಚಾರಿಂಗ್ ಕಡಲೆಕಾಯಿ ಸಿಪ್ಪೆ, ಕಲ್ಲಂಗಡಿ ಬೀಜದ ಸಿಪ್ಪೆಯನ್ನೆಲ್ಲ ಬಾಗಿಲ ಕಡೆಗೆ ಗುಡ್ಡೆ ಮಾಡಿದ್ದಳು.

"ಕಾಲಿಟ್ಟಲ್ಲೆಲ್ಲ ಚರಚರ ಅನ್ನುತ್ತೆ ಅತ್ತಿಗೆ. ಪಾದ್ರಿಗಳು ಬರೋ ಹೊತ್ತಾಯ್ತು. ಹಂದಿಗೂಡು ಅಂದ್ಕೊಳ್ಳಲ್ವಾ?"

"ಹೆಣ ಮನೇಲಿರೋವಾಗ ಗುಡಿಸಿದ್ರೆ ಇನ್ನೊಬ್ಬರನ್ನೂ ಗುಡಿಸಿಕೊಂಡು ಹೋಗುತ್ತೆ. ನಿನಗೆ ಹೇಳಿಕೊಡಬೇಕಾ?"

"ಹೋದ್ರೆ ಯಾರು ಹೋಗ್ತಾರೆ? ಈ ಮನೇಲಿ ಉಳಿದಿರೋರು ನೀವೊಬ್ರೇ."

ಚಾರಿಂಗ್ ಅದನ್ನು ನಗದೇ ಹೇಳಿದಳು. ಸತ್ತವನು ಅವಳ ದೊಡ್ಡಣ್ಣ, ಲೂಮಿಂಗಳ ಗಂಡ ಓನ್ಯೋಂಗ್. ಎರಡು ಕ್ಷೌರದ ಕುರ್ಚಿಗಳ ನಡುವೆ, ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಮಲಗಿದ್ದ. ಒಳ್ಳೆಯ ಬಿಳಿ ಅಂಗಿ, ಕೈಯಲ್ಲಿ ಜಪಸರ, ಕಾಲಿಗೆ ಬರೀ ಕಾಲುಚೀಲ. ಹೆಣಕ್ಕೆ ಬೂಟು ಹಾಕಿ ಕಳಿಸಿದರೆ ಮನೆಯಲ್ಲಿ ಹೆಜ್ಜೆಯ ಸದ್ದು ನಿಲ್ಲುವುದಿಲ್ಲ. ಅಂಗಡಿಯ ಕನ್ನಡಿಗಳನ್ನೆಲ್ಲ ಹಾಸಿಗೆಯ ಬಟ್ಟೆಯಿಂದ ಮುಚ್ಚಿದ್ದರು. ಕನ್ನಡಿಗಳ ಮೇಲಿನ ಗೋಡೆಯ ತುಂಬ ಓನ್ಯೋಂಗ್ ಒಂದು ಆಯುಷ್ಯವಿಡೀ ಕೂಡಿಹಾಕಿದ ಸಾಮಾನು. ದೊಡ್ಡ ದೊಡ್ಡ ಬಾಸ್ಕೆಟ್‌ಬಾಲ್ ಆಟಗಳ ಹರಿದ ಟಿಕೆಟ್ಟು, ಆಟಗಾರರು ಬೆವರೊರೆಸಿ ಎಸೆದ ಟವೆಲು, ರೆಫರಿಯೊಬ್ಬ ಕಳೆದುಕೊಂಡ ಸೀಟಿ, ಹರಿದ ಬಲೆಯ ತುಂಡು, ಯಾವನೋ ಕೋಚು ಅಗಿದು ಬಿಟ್ಟ ಚುಟ್ಟಾದ ಮೋಟು. ಕೊನೆಯದು ಉಪ್ಪಿನಕಾಯಿ ಜಾಡಿಯಲ್ಲಿತ್ತು. ಕೈತೊಳೆಯುವ ಬೋಸಿಯ ಮೇಲೆ, ಬೀಗ ಹಾಕಿದ ಗಾಜಿನ ಗೂಡಿನಲ್ಲಿ, ಒಂದೇ ಒಂದು ಬೂಟು. ಎಡಗಾಲಿನದು.

ಚಾರಿಂಗ್ ಅದರ ಕಡೆ ಗದ್ದ ಎತ್ತಿ ತೋರಿಸಿದಳು.

"ಮಣ್ಣು ಮುಗಿದ ತಕ್ಷಣ ತುತಿಂಗ್ ಕಪಿತಾನ್ ಅದನ್ನ ತಗೊಂಡು ಹೋಗ್ತಾರಂತೆ. ಬೀದಿಯ ಆಟದ ಅಂಕಣದಲ್ಲಿ ಇಡಿಸ್ತಾರಂತೆ, ದೀಪ ಗೀಪ ಹಾಕಿ. ಪೋನ್ಸೊ ಅಣ್ಣನೂ ಬರ್ತಾನೆ."

"ಪೋನ್ಸೊನಾ? ಗೋಡೆ ಎಬ್ಬಿಸಿದ ಮೇಲೆ ಅವನು ಈ ಹೊಸಲು ತುಳಿದಿಲ್ಲ."

"ಹೆಣ ನೋಡೋಕಲ್ಲ. ಬೂಟನ್ನ ಹೊಳೆಗೆ ಎಸೆಯೋಕೆ. ಇವನು ಸತ್ತ ಮೇಲೆ ಎಸೆದೇ ಎಸೀತೀನಿ ಅಂತ ಆಣೆ ಹಾಕಿದ್ದಾನಲ್ಲ. ನೀವು ಯಾರಿಗೆ ಕೊಡ್ತೀರ?"

"ಅದು ಇಬ್ಬರದ್ದೂ ಅಲ್ಲ."

"ಮತ್ತೆ ನಿಮ್ಮದಾ? ಹೌದು ಬಿಡಿ, ಕಾವು ಕೂತ ಕೋಳಿ ನೀವೇ ತಾನೆ. ನೀವು ಕಾವು ಕೂತಿದ್ದೂ ಅದೊಂದಕ್ಕೇ."

ಲೂಮಿಂಗಳಿಗೆ ಮಕ್ಕಳಿರಲಿಲ್ಲ. ಒಳಗಿನಿಂದ ಗಂಜಿ ಸೀದ ವಾಸನೆ ಬಂತು. ಅವಳು ಸೌಟನ್ನು ನಾದಿನಿಯ ಕೈಗೆ ಕೊಟ್ಟಳು.

"ಹೋಗಿ ತೊಳಸು. ನಾಲಿಗೆ ಆಡಿಸಿದಷ್ಟೇ ಜೋರಾಗಿ ಕೈನೂ ಆಡಿಸು."

ಚಾರಿಂಗ್ ಒಳಗೆ ಹೋದಳು. ಇಸ್ಪೀಟಿನವರು ಹೊರಗೆ ಟಾರ್ಪಾಲಿನ ಕೆಳಗಿದ್ದರು. ಹೆಣಕ್ಕೆ ಬಟ್ಟೆ ಉಡಿಸಿದವರು ಓನ್ಯೋಂಗನ ಕೊರಳಿಂದ ಬಿಚ್ಚಿ ಕೊಟ್ಟಿದ್ದ ಬೀಗದ ಕೈ ಲೂಮಿಂಗಳ ಕುಪ್ಪಸದೊಳಗಿತ್ತು. ಗೂಡು ತೆರೆದು ಬೂಟು ತೆಗೆದಳು, ಅದರ ಕೆಳಗಿದ್ದ ಕಾಗದವನ್ನೂ ತೆಗೆದಳು. ಕಾಗದವನ್ನು ಮಡಚಿ ಬೂಟಿನ ಮೂತಿಗೆ ತುರುಕಿದಳು. ಗೂಡಿಗೆ ಮತ್ತೆ ಬೀಗ ಹಾಕಿ, ಕನ್ನಡಿಗೆ ಹಾಕಿದಂತೆ ಅದಕ್ಕೂ ಒಂದು ಬಟ್ಟೆ ಇಳಿಬಿಟ್ಟಳು. ಸಾವಿನ ಮನೆಯಲ್ಲಿ ಗಾಜು ಮುಚ್ಚಿದರೆ ಯಾಕೆಂದು ಯಾರೂ ಕೇಳುವುದಿಲ್ಲ.

ಆಮೇಲೆ ಪೆಟ್ಟಿಗೆಯ ಪಕ್ಕದ ಕ್ಷೌರದ ಕುರ್ಚಿ ಹತ್ತಿ, ಕರಿ ಲಂಗವನ್ನು ಅಗಲಿಸಿ, ಬೂಟಿನ ಮೇಲೆ ಕೂತಳು.

*

ಆ ಕಾಲದಲ್ಲಿ ಮಲಬೋನ್ ಊರಿನ ಬೀದಿಗಳೆಲ್ಲ ಎರಡು ಪಾಲಾಗಿದ್ದವು. ಒಂದು ಸಾಬೂನಿನ ಕಂಪನಿಯ ತಂಡ, ಇನ್ನೊಂದು ಡಬ್ಬಿಮೀನಿನ ಕಂಪನಿಯ ತಂಡ. ಆಟದ ದಿನ ಸಾಬೂನಿನವರ ಮನೆಯಲ್ಲಿ ಮೀನಿನ ಡಬ್ಬಿ ಒಡೆಯುತ್ತಿರಲಿಲ್ಲ, ಮೀನಿನವರು ಆ ಸಾಬೂನಿನಲ್ಲಿ ಮೈ ತೊಳೆಯುತ್ತಿರಲಿಲ್ಲ. ಓನ್ಯೋಂಗ್ ಸಾಬೂನಿನವನು. ತಮ್ಮ ಪೋನ್ಸೊಗೆ ಮೀನಿನ ಕಾರ್ಖಾನೆಯಲ್ಲೇ ಕೆಲಸ, ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರದ ಮೇಲೆ. ಒಂದೇ ಮನೆ, ಒಂದೇ ಮೇಜು. ಬೈಗುಳವೂ ಅನ್ನದ ಜೊತೆಗೇ ಬಡಿಸಿದಂತೆ ನಡೆಯುತ್ತಿತ್ತು.

ಫೈನಲ್ಲಿಗೆ ಓನ್ಯೋಂಗ್ ಹೊಸ ಹೆಂಡತಿಯನ್ನು ಕರೆದುಕೊಂಡು ಹೋದ. ಕ್ರೀಡಾಂಗಣದ ಬಾಗಿಲು ಕಾಯುವವನು ಅವನ ಗಿರಾಕಿ, ಹಾಗಾಗಿ ಅಂಕಣದ ಗೆರೆಯ ಪಕ್ಕದ ಬೆಂಚು ಸಿಕ್ಕಿತು. ಲೂಮಿಂಗ್ ಆಟ ನೋಡಲಿಲ್ಲ, ಗಂಡನನ್ನು ನೋಡಿದಳು. ಅವನು ಕಾಲ ಬುಡದಲ್ಲೇ ಕಣ್ಣಿಟ್ಟಿದ್ದ. ಏನು ಬೀಳುತ್ತದೆ, ಏನು ಉರುಳಿ ಬರುತ್ತದೆ ಎಂದು.

ಇನ್ನೇನು ಆಟ ಮುಗಿಯಬೇಕು. ಮೀನಿನವರು ಒಂದು ಅಂಕ ಮುಂದಿದ್ದರು. ಚೆಂಡು ಡೆಲ್ಫಿನ್ ಅಗ್ಬಾಯಾನಿ ಎಂಬ ಹುಡುಗನ ಕೈಯಲ್ಲಿತ್ತು, ಮೀಸೆ ಸರಿಯಾಗಿ ಮೂಡಿರದವನು. ಸಾಬೂನಿನವನೊಬ್ಬ ಹಿಂದಿನಿಂದ ಅವನ ಹಿಮ್ಮಡಿ ತುಳಿದ. ಬೂಟು ಕಳಚಿಕೊಂಡು ಗಿರಗಿರನೆ ತಿರುಗುತ್ತ ಗೆರೆ ದಾಟಿ ಓನ್ಯೋಂಗನ ಕಾಲಿಗೆ ಬಂದು ನಿಂತಿತು. ಅವನು ಬಗ್ಗಿ ಎತ್ತಿ, ಹೆಂಡತಿಯ ಲಂಗದ ಕೆಳಗೆ ನೂಕಿದ.

"ಕೂತ್ಕೋ. ಏನಾದ್ರೂ ಏಳಬೇಡ."

ಬೂಟು ಬಿಸಿಯಾಗಿತ್ತು. ಅಂಕಣದಲ್ಲಿ ಹುಡುಗ ಒಂದು ಕಾಲಿಗೆ ಬರೀ ಕಾಲುಚೀಲ ಹಾಕಿಕೊಂಡೇ ಓಡಿದ. ಮೇಣ ಉಜ್ಜಿದ ಮರದ ನೆಲದ ಮೇಲೆ ಆ ಕಾಲು ಜಾರಿತು. ಚೆಂಡು ಕೈತಪ್ಪಿತು. ಸಾಬೂನಿನವರು ಅದನ್ನು ಹಿಡಿದು ಬುಟ್ಟಿಗೆ ಹಾಕಿದರು. ಗಂಟೆ ಹೊಡೆಯಿತು.

ಗದ್ದಲ ತಗ್ಗುವ ಮೊದಲೇ ಅವನು ಕುಂಟುತ್ತ ಅವರ ಬೆಂಚಿನ ಹತ್ತಿರ ಬಂದ. ಮಂಡಿಯೂರಿ ಕೆಳಗೆ ನೋಡಿದ. ಹರಿದ ಕಾಲುಚೀಲದಿಂದ ಹೆಬ್ಬೆರಳು ಹೊರಬಂದಿತ್ತು.

"ಅಕ್ಕಾ, ನನ್ನ ಬೂಟು ಇಲ್ಲೆಲ್ಲಾದ್ರೂ ಕಂಡಿರಾ?"

ಓನ್ಯೋಂಗನ ಬೆರಳು ಅವಳ ಬೆನ್ನಿಗೆ ಚುಚ್ಚಿತು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಇರಲಿ ಬಿಡಿ ಅಕ್ಕ," ಎಂದು ಅವನು ಎದ್ದು ಹೋದ. ಅವನದೇ ಕಡೆಯ ಜನ ಮೇಲಿನಿಂದ ಅವನ ಮೇಲೆ ಚಿಲ್ಲರೆ ಕಾಸು ಎಸೆಯುತ್ತಿದ್ದರು. ಓನ್ಯೋಂಗ್ ಅದರಲ್ಲೂ ಒಂದನ್ನು ಹೆಕ್ಕಿಕೊಂಡ.

ಓನ್ಯೋಂಗ್ ಬೂಟನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ. ಮರುವಾರ ಕಾರ್ಖಾನೆಯಲ್ಲಿ ಪೋನ್ಸೊನ ಯಂತ್ರಕ್ಕೆ ಯಾರೋ ಒಂಟಿ ಬೂಟು ಕಟ್ಟಿ ತೂಗುಬಿಟ್ಟರು. ಕಳ್ಳನ ತಮ್ಮ ಎಂದರು. ಅವನ ಊಟದ ಡಬ್ಬಿಯಲ್ಲಿ ಮೀನಿನ ಕರುಳು ತುಂಬಿದರು. ಒಂದು ದಿನ ಕೆಲಸ ಬಿಟ್ಟು ಬಂದವನು ಸಿಮೆಂಟಿನ ಇಟ್ಟಿಗೆ ತರಿಸಿ ಮನೆಯನ್ನು ಸೀಳಿ ಗೋಡೆ ಎಬ್ಬಿಸಿದ. ಗೋಡೆ ಲೂಮಿಂಗಳ ಅಡುಗೆಮನೆಯ ಕಿಟಕಿಗೆ ಅಡ್ಡವಾಗಿ ಹೋಯಿತು. ಅಂದಿನಿಂದ ಅವಳು ಹಗಲಲ್ಲೂ ದೀಪ ಹಾಕಿಕೊಂಡು ಅಡುಗೆ ಮಾಡಿದಳು.

*

"ಓ ನಮ್ಮ ಕೋಳಿ ತಾಯಿ!"

ಬೀದಿಯ ಮುಖಂಡ ತುತಿಂಗ್ ಬಂದಿದ್ದ. ಜನ ಅವನನ್ನು ಕಪಿತಾನ್ ಎನ್ನುತ್ತಾರೆ. ಹಿಂದೆ ಇಬ್ಬರು ಅವನ ಹೆಸರು ದೊಡ್ಡದಾಗಿ ಬರೆದ ಹೂವಿನ ಚಕ್ರ ಹೊತ್ತಿದ್ದರು. ಸತ್ತವನ ಹೆಸರು ಕೆಳಗೆ ಚಿಕ್ಕದಾಗಿತ್ತು.

"ಅಂಥ ಗಂಡಸು ಇನ್ನು ಹುಟ್ಟಲ್ಲ. ನಮ್ಮ ಬೀದಿಗೆ ಟ್ರೋಫಿ ತಂದವನು ಆಟಗಾರನಲ್ಲ ತಾಯಿ, ಕ್ಷೌರಿಕ! ಗಾಜಿನ ಪೆಟ್ಟಿಗೆಗೆ ಹೇಳಿ ಆಗಿದೆ. ಬೂಟಿನ ಪಕ್ಕ ನಿಮ್ಮ ಕಾಗದಾನೂ ಇರುತ್ತೆ. ಅದಿಲ್ದಿದ್ರೆ ಮಜಾ ಇಲ್ಲ." ಅವನು ಎದೆಯ ಮೇಲೆ ಕೈಯಿಟ್ಟು, ಹೆಣ್ಣುದನಿ ಮಾಡಿ ಹೇಳಿದ. "'ಸ್ವಾಮಿ, ನಿಮ್ಮ ಬೂಟು ನಾನು ಕೂತ ಜಾಗದಲ್ಲೇ ಇತ್ತು. ನೀವು ಕೇಳಿದಾಗ ನಾನು ತಲೆ ಅಲ್ಲಾಡಿಸಿದೆ.'"

ಬಾಗಿಲಲ್ಲಿ ನಿಂತವರು ನಕ್ಕರು. ಹೆಣದ ಮುಂದೆಯೂ ನಕ್ಕರು. ಆ ಸಾಲು ಬೀದಿಯ ಎಲ್ಲರಿಗೂ ಬಾಯಿಪಾಠ.

ಲೂಮಿಂಗ್ ಏಳಲಿಲ್ಲ. "ಮಂಡಿ ನೋವು. ಕ್ಷಮಿಸಿ," ಎಂದಳು.

*

ಇಗರ್ಜಿಯ ಹಿಂದಿನ ಕೋಣೆಯಲ್ಲಿ ದೊಡ್ಡವರಿಗೆಂದು ಸಂಜೆಶಾಲೆ ತೆರೆದ ವರ್ಷ ಲೂಮಿಂಗ್ ಅಕ್ಷರ ಕಲಿತಳು. ಕಲಿತು ಬರೆದ ಮೊದಲ ಕಾಗದ ಅದು. ಬರೆಯುವುದಕ್ಕೆ ಒಂದು ಮಳೆಗಾಲ ಹಿಡಿಯಿತು. ಮೀನಿನ ಕಂಪನಿಯ ವಿಳಾಸ ಹಾಕಿ, ಅಂಚೆಗೆ ಹಾಕಿ ಬಾ ಎಂದು ಗಂಡನ ಕೈಗೆ ಕೊಟ್ಟಳು. ಅಂಚೆ ಕಚೇರಿ ಅವನು ದಿನಾ ಬ್ಲೇಡು ತರಲು ಹೋಗುವ ದಾರಿಯಲ್ಲಿತ್ತು.

ಮರುದಿನ ಕಾಗದ ಗಾಜಿನ ಗೂಡಿನಲ್ಲಿತ್ತು, ಬೂಟಿನ ಕೆಳಗೆ.

"ಇದೂ ಆ ಆಟದ್ದೇ ಸಾಮಾನು ಕಣೇ," ಎಂದ ಓನ್ಯೋಂಗ್. ಅವನಿಗೆ ಅದರಲ್ಲಿ ಕೆಟ್ಟದ್ದೇನೂ ಕಂಡಿರಲಿಲ್ಲ, ಖುಷಿಯೇ ಆಗಿತ್ತು. "ಇಂಥದ್ದು ಇನ್ಯಾವನ ಹತ್ರ ಇದೆ ಹೇಳು?"

ಗಿರಾಕಿಗಳು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿದರು. ಒಬ್ಬ ಮಾಸ್ತರು ಅದನ್ನು ಹೊರಗೆ ತೆಗೆಸಿ, ತಪ್ಪುಗಳಿಗೆ ಕೆಂಪು ಗೆರೆ ಎಳೆದು ವಾಪಸು ಇಡಿಸಿದ. ಲೂಮಿಂಗ್ ಸಂಜೆಶಾಲೆಗೆ ಹೋಗುವುದನ್ನು ಬಿಟ್ಟಳು.

ಓನ್ಯೋಂಗ್ ಕೆಟ್ಟ ಗಂಡನೆಂದು ಯಾರೂ ಹೇಳುವಂತಿರಲಿಲ್ಲ. ಕುಡಿಯಲಿಲ್ಲ, ಹೊಡೆಯಲಿಲ್ಲ. ಬೀದಿಯಲ್ಲಿ ಯಾರು ಸತ್ತರೂ ಹೋಗಿ ಕಾಸು ಕೇಳದೆ ಮುಖಕ್ಷೌರ ಮಾಡಿ ಬರುತ್ತಿದ್ದ. ತಿಂಗಳಿಗೊಮ್ಮೆ ಅಂಗಡಿ ಮುಚ್ಚಿದ ಮೇಲೆ ಹೆಂಡತಿಯನ್ನು ಇದೇ ಕುರ್ಚಿಯಲ್ಲಿ ಕೂರಿಸಿ ಕೂದಲ ತುದಿ ಕತ್ತರಿಸುತ್ತಿದ್ದ, ಮಗುವಿನ ತಲೆ ಮುಟ್ಟಿದ ಹಾಗೆ. ಅಂಥ ಒಂದು ಸಂಜೆ ಅವಳು ಕಾಗದ ವಾಪಸು ಕೇಳಿದಳು. ಕತ್ತರಿ ನಿಂತಿತು.

"ನಾನು ಬದುಕಿರೋವರೆಗೂ ಆ ಗೂಡಿನಿಂದ ಏನೂ ಆಚೆ ಹೋಗಲ್ಲ. ಸತ್ತ ಮೇಲೆ ಅಂಚೆಗಾದ್ರೂ ಹಾಕು, ಒಲೆಗಾದ್ರೂ ಹಾಕು."

ಹೇಳಿದವನು ಮರೆತ. ಕೇಳಿದವಳು ಮರೆಯಲಿಲ್ಲ.

*

ಪೋನ್ಸೊ ಬಂದಾಗ ಬಾಗಿಲ ನಗು ನಿಂತಿತು. ಅವನು ಟೋಪಿ ತೆಗೆಯಲಿಲ್ಲ. ಪೆಟ್ಟಿಗೆಯ ಹತ್ತಿರ ಬಂದು ಗಾಜಿನೊಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಯಾವನು ಬೋಳಿಸಿದ್ದು ಇವನಿಗೆ? ಗದ್ದದ ಕೆಳಗೆ ಕೊಯ್ದಿದ್ದಾನೆ."

"ಪಕ್ಕದ ಬೀದಿಯವನು," ಎಂದಳು ಲೂಮಿಂಗ್.

"ಸಾಬೂನಿನವನಾ?"

"ಹೂಂ."

"ಗೊತ್ತಾಗುತ್ತೆ." ಅವನು ತಿರುಗಿದ. "ನಾನು ಅಳೋಕೆ ಬಂದಿಲ್ಲ. ಬೂಟು ಕೊಡಿ. ಎಲ್ಲರೂ ನೋಡ್ತಿರೋವಾಗಲೇ ಸೇತುವೆ ಮೇಲಿಂದ ಎಸೀತೀನಿ. ಆಮೇಲೆ ಇವನನ್ನ ಎಲ್ಲಿಗಾದ್ರೂ ಹೊತ್ಕೊಂಡು ಹೋಗಿ."

"ನಾಲಿಗೆ ಬಿಗಿಹಿಡಿ ಪೋನ್ಸೊ," ಎಂದ ಕಪಿತಾನ್. "ಅದು ಬೀದಿಯ ಸ್ವತ್ತು."

"ಕದ್ದ ಮಾಲು ಯಾವಾಗ ಬೀದಿಯ ಸ್ವತ್ತಾಯ್ತು?"

"ನಿಮ್ಮವನು ನೆಟ್ಟಗೆ ಲೇಸು ಕಟ್ಟಿಕೊಂಡಿದ್ರೆ ಯಾವನು ಕದೀತಿದ್ದ?"

ಪೋನ್ಸೊ ಮುಂದೆ ನುಗ್ಗಿ ಗೂಡಿನ ಬಟ್ಟೆ ಎಳೆದ. ಗಾಜಿನೊಳಗೆ ಏನೂ ಇರಲಿಲ್ಲ. ಬಣ್ಣ ಮಾಸಿದ ಹಲಗೆಯ ಮೇಲೆ ಕಾಗದವಿದ್ದ ಜಾಗ ಮಾತ್ರ ಚೌಕವಾಗಿ ಹೊಸದರಂತಿತ್ತು.

ಎಲ್ಲರೂ ಒಟ್ಟಿಗೆ ಕೂಗಿದರು.

"ನೀನೇ ಕದ್ದಿದ್ದೀಯ!" ಎಂದ ಕಪಿತಾನ್. "ಗೋಡೆ ಹಾರಿ ಬಂದು ತಗೊಂಡು, ಈಗ ನಾಟಕ ಆಡ್ತೀಯ!"

"ಕದಿಯೋದು ನಿಮ್ಮ ಕಡೆಯವರ ಕಸುಬು!"

ಪೋನ್ಸೊನ ಜೋಳಿಗೆ ಕೊಡವಿದರು. ಒಂದು ಛತ್ರಿ, ಒಂದು ಬಾಳೆಹಣ್ಣು ಬಿತ್ತು. ಅವನೂ ಬಿಡದೆ ಕಪಿತಾನನ ಜೊತೆಯವರ ಅಂಗಿ ಎಳೆದು ನೋಡಿದ. ಹೂವಿನ ಚಕ್ರ ಉರುಳಿತು. ಯಾರೋ ಪೆಟ್ಟಿಗೆಗೆ ತಾಗಿ, ಓನ್ಯೋಂಗನ ತಲೆ ದಿಂಬಿನ ಮೇಲೆ ಕೊಂಚ ಹೊರಳಿತು, ಆಟ ಯಾವ ಕಡೆ ನಡೆಯುತ್ತಿದೆ ಎಂದು ನೋಡುವವನಂತೆ.

"ಅತ್ತಿಗೆ ಚೀಲ ನೋಡಿ!" ಎಂದಳು ಚಾರಿಂಗ್. ತಾನೇ ಎತ್ತಿ, ಹೆಣದ ಮುಂದೆ ಮಗುಚಿದಳು. ಕರವಸ್ತ್ರ, ಪ್ರಾರ್ಥನೆಯ ಪುಸ್ತಕ, ಮಂಡಿಗೆ ಹಚ್ಚುವ ಎಣ್ಣೆ. ಅಷ್ಟೇ. ಅವಳು ಎಲ್ಲವನ್ನೂ ವಾಪಸು ತುರುಕಿ ಚೀಲವನ್ನು ಕುರ್ಚಿಯ ಕಾಲಿಗೆ ಆನಿಸಿದಳು.

ಲೂಮಿಂಗ್ ಕೂತೇ ಇದ್ದಳು.

ಅಷ್ಟರಲ್ಲಿ ಪಾದ್ರಿಗಳು ಬಂದರು. ಎಲ್ಲರೂ ಎದ್ದು ನಿಂತು ಶಿಲುಬೆಯ ಗುರುತು ಹಾಕಿದರು. ಲೂಮಿಂಗ್ ಕೂತಲ್ಲೇ ಹಾಕಿದಳು. ಪೋನ್ಸೊ ಅವಳನ್ನೇ ನೋಡಿದ. ಕಷ್ಟವೋ ಸುಖವೋ, ಪಾದ್ರಿಯ ಮುಂದೆ ಅತ್ತಿಗೆ ಕೂತದ್ದನ್ನು ಅವನು ಕಂಡಿರಲಿಲ್ಲ. ಪ್ರಾರ್ಥನೆ ನಡೆಯುತ್ತಿದ್ದಂತೆ ಕುರ್ಚಿಯ ಹತ್ತಿರ ಸರಿದು, ತಗ್ಗಿದ ದನಿಯಲ್ಲಿ ಕೇಳಿದ.

"ಅತ್ತಿಗೆ, ಬೂಟು ಇಲ್ಲೆಲ್ಲಾದ್ರೂ ಕಂಡಿರಾ?"

ಅವಳು ಅವನ ಕಣ್ಣನ್ನೇ ನೋಡುತ್ತ ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಪೋನ್ಸೊನ ಮುಖದಲ್ಲಿ ಏನೋ ಹರಿದುಹೋಯಿತು. ಅದನ್ನು ನಗು ಎನ್ನಬೇಕೋ ಏನೋ. ಅವನು ಟೋಪಿ ತೆಗೆದ.

ಚಾರಿಂಗ್ ಅಣ್ಣನ ಕ್ಷೌರದ ಕತ್ತರಿಯಿಂದಲೇ ಅವನ ಕೈಯ ಜಪಸರ ಕತ್ತರಿಸಿದಳು, ಒಂದು ಸಾವಿಗೆ ಇನ್ನೊಂದು ಪೋಣಿಸಿಕೊಂಡು ಬರದಂತೆ. ಸತ್ತವನು ಬಂದು ಕಾಡದಂತೆ ಚಿಕ್ಕ ಮಕ್ಕಳನ್ನು ಪೆಟ್ಟಿಗೆಯ ಮೇಲಿಂದ ದಾಟಿಸಿದರು. ಗಂಡಸರೆಲ್ಲ ಪೆಟ್ಟಿಗೆಗೆ ಹೆಗಲು ಕೊಟ್ಟು, ಬಾಗಿಲ ಚೌಕಟ್ಟಿಗೆ ತಾಗದಂತೆ ಇಷ್ಟಿಷ್ಟೇ ಸರಿಸುತ್ತ ಹೊರಗೆ ತಂದರು. ತಾಗಿದರೆ ಮನೆಯಲ್ಲಿ ಇನ್ನೊಂದು ಸಾವು. ಎಲ್ಲರ ಕಣ್ಣೂ ಚೌಕಟ್ಟಿನ ಮೇಲಿತ್ತು. ಲೂಮಿಂಗ್ ಕುರ್ಚಿಯಿಂದ ಇಳಿದು, ಒಮ್ಮೆ ಶೋಧಿಸಿ ಮುಗಿದಿದ್ದ ಚೀಲದೊಳಗೆ ಬೂಟು ಇಳಿಸಿದಳು.

ಬೀದಿಗೆ ಬಂದಾಗ ಚಾರಿಂಗ್ ಗಮನಿಸಿದ್ದು ಬೇರೆ. "ನೋಡಿದ್ರಾ," ಎಂದಳು ಪಕ್ಕದವರಿಗೆ, "ಕೊನೆಗೂ ಪೋನ್ಸೊ ಅಣ್ಣನ ಮನಸ್ಸು ಕರಗಿತು. ಅತ್ತಿಗೆಯ ನೆರಳಿನ ಹಾಗೆ ಹಿಂದೆಯೇ ನಡೀತಿದ್ದಾನೆ."

ಪೋನ್ಸೊ ಹಾಗೆ ನಡೆಯಲು ಕಾರಣವಿತ್ತು. ಹಳೆಯ ರಬ್ಬರು ಪುಡಿಯಾಗಿ ಲೂಮಿಂಗಳ ಕರಿ ಲಂಗದ ಹಿಂಭಾಗದಲ್ಲಿ ಅಚ್ಚು ಬಿದ್ದಿತ್ತು. ಬೆಳ್ಳಗೆ, ಗೆರೆಗೆರೆಯಾಗಿ, ಒಂದು ಇಡೀ ಎಡಗಾಲು. ಸಮಾಧಿಯವರೆಗೂ ಅವನು ಕಪಿತಾನನಿಗೂ ಆ ಅಚ್ಚಿಗೂ ನಡುವೆ ತನ್ನ ಮೈ ಇಟ್ಟುಕೊಂಡೇ ನಡೆದ.

*

ಮಣ್ಣಾದ ಮೇಲೆ ನೇರ ಮನೆಗೆ ಹೋಗುವಂತಿಲ್ಲ. ಸಾವು ಬೆನ್ನಿಗೆ ಅಂಟಿ ಬರುತ್ತದೆ. ನಡುವೆ ಎಲ್ಲಾದರೂ ಇಳಿಯಬೇಕು. ಕಪಿತಾನ್ ಮುಖ ಊದಿಸಿಕೊಂಡು ತನ್ನ ಗಾಡಿಯಲ್ಲಿ ಹೋದ. ಉಳಿದವರ ಜೀಪು ಬ್ರೆಡ್ಡಿನ ಅಂಗಡಿಯ ಮುಂದೆ ನಿಧಾನವಾದಾಗ ಲೂಮಿಂಗ್ ತಗಡಿಗೆ ಬಡಿದಳು.

"ಇಲ್ಲಲ್ಲ. ಅಂಚೆ ಕಚೇರಿ ಹತ್ರ ನಿಲ್ಸು."

"ಅಂಚೆ ಕಚೇರೀಲಾ?" ಎಂದಳು ಚಾರಿಂಗ್. "ಅಲ್ಲಿ ತಿನ್ನೋಕೆ ಏನು ಸಿಗುತ್ತೆ, ಗೋಂದು?"

"ಫ್ಯಾನಿದೆ. ಬೆಂಚಿದೆ. ಸಾವಿಗೆ ಅಷ್ಟು ಸಾಕು."

ಚಾರಿಂಗ್, ಪೋನ್ಸೊ ಇಬ್ಬರೂ ಅವಳ ಹಿಂದೆ ಇಳಿದರು. ಲೂಮಿಂಗ್ ಚೀಲದಿಂದ ಬೂಟು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಾಗ ಚಾರಿಂಗಳ ಬಾಯಿ ತೆರೆದೇ ಉಳಿಯಿತು.

"ಅಯ್ಯೋ ಹಾಳು ಕೋಳಿ!"

"ಮುಚ್ಚು ಬಾಯಿ," ಎಂದ ಪೋನ್ಸೊ. ಆಮೇಲೆ ಅತ್ತಿಗೆಗೆ, "ಹೊಳೆ ಇದಕ್ಕಿಂತ ಹತ್ತಿರ ಇತ್ತು. ನಾನು ಆಣೆ ಹಾಕಿದ್ದು ನಿಮಗೆ ಗೊತ್ತು."

"ಹೊಳೆಗೆ ವಿಳಾಸ ಬೇಡ. ಇದಕ್ಕೆ ಬೇಕು. ನಿಮ್ಮ ಕಂಪನಿ ಮುಚ್ಚಿಹೋಗಿದೆ. ಡೆಲ್ಫಿನ್ ಎಲ್ಲಿದ್ದಾನೆ ಅಂತ ನಿನಗೆ ಗೊತ್ತು."

"ನನಗೆ ಹೇಗೆ ಗೊತ್ತಿರುತ್ತೆ?"

"ಗೋಡೆ ತೆಳ್ಳಗಿದೆ ಪೋನ್ಸೊ. ವರ್ಷಾ ವರ್ಷಾ ಕ್ರಿಸ್‌ಮಸ್ಸಿಗೆ ಅವನಿಗೆ ಏನು ಬರೀಲಿ ಅಂತ ನೀನು ಹೆಂಡತೀನ ಕೇಳೋದು ನನ್ನ ಒಲೆ ಹತ್ರ ಕೇಳಿಸುತ್ತೆ."

ಅವನು ಮುಖ ತಿರುಗಿಸಿದ. ಲೂಮಿಂಗ್ ಕಾದಳು. ಕಾಯುವುದು ಅವಳಿಗೆ ಬರುತ್ತಿತ್ತು. ಕೊನೆಗೆ ಅವನೇ ಕಟ್ಟೆಯ ಮೇಲಿದ್ದ, ದಾರ ಕಟ್ಟಿದ ಪೆನ್ನು ಎಳೆದುಕೊಂಡ.

"ಉತ್ತರದಲ್ಲಿ. ಬಾಡೊಕ್. ಪಂಕ್ಚರ್ ಹಾಕೋ ಅಂಗಡಿ ಇದೆ. ಮಂಡಿ ಹೋಗಿದೆ." ಬರೆಯುತ್ತಲೇ ಹೇಳಿದ, "ಓನ್ಯೋಂಗನ್ನ ನಾನು ಕ್ಷಮಿಸಿದೆ ಅಂದ್ಕೋಬೇಡಿ."

"ಕ್ಷಮಿಸು ಅಂತ ನಾನು ಕೇಳಿಲ್ಲ. ಅಕ್ಷರ ದುಂಡಗೆ ಬರಿ."

"ಇವತ್ತು ನೀವು ನಮ್ಮ ಕಡೆ ಆಡಿದ್ರಿ ಅತ್ತಿಗೆ."

"ನಾನು ಯಾರ ಕಡೇನೂ ಅಲ್ಲ. ಅವತ್ತೂ ಇರಲಿಲ್ಲ."

ಕಿಟಕಿಯ ಹಿಂದಿನ ಹುಡುಗಿ ಬೂಟನ್ನು ತಿರುಗಿಸಿ ನೋಡಿದಳು. ಅವಳು ಆ ಆಟದ ಕಾಲಕ್ಕೆ ಹುಟ್ಟಿದವಳಲ್ಲ. "ಒಂದೇನಾ? ಜೋಡಿ ಎಲ್ಲಿ?"

"ಇನ್ನೊಂದು ಅವರ ಹತ್ರ ಇದೆ."

"ಒಳಗೆ ಕಾಗದ ಇದೆಯಲ್ಲ ಅಜ್ಜಿ. ಪಾರ್ಸೆಲ್ಲಿನಲ್ಲಿ ಕಾಗದ ಇಡೋ ಹಾಗಿಲ್ಲ. ಅದನ್ನ ಬೇರೆಯಾಗಿ ಕಳಿಸಬೇಕು."

ಲೂಮಿಂಗ್ ಬೂಟಿನ ಮೂತಿಯಿಂದ ಕಾಗದ ಎಳೆದು, ಅಂಗೈಯಿಂದ ಸುಕ್ಕು ಬಿಡಿಸಿದಳು. ಬಿಸಿಲು ಬಿದ್ದ ಮಗ್ಗುಲು ಹಳದಿಯಾಗಿತ್ತು, ಕೆಂಪು ಗೆರೆಗಳು ಕಂದಾಗಿದ್ದವು.

"'ನೀವು ಕೇಳಿದಾಗ ನಾನು ತಲೆ ಅಲ್ಲಾಡಿಸಿದೆ,'" ಎಂದು ಚಾರಿಂಗ್ ಅಭ್ಯಾಸಬಲದಿಂದ ಹೆಣ್ಣುದನಿ ತೆಗೆದಳು. ಯಾರೂ ನಗಲಿಲ್ಲ. ಅವಳ ದನಿ ತಾನಾಗಿಯೇ ಇಳಿದುಹೋಯಿತು.

"ಹೊಸದಾಗಿ ಬರೆದುಕೊಡ್ಲಾ?" ಎಂದಳು ಕಿಟಕಿಯ ಹುಡುಗಿ. "ತಪ್ಪು ತುಂಬ ಇದೆ."

"ಇರಲಿ. ಅವತ್ತಿನದ್ದು ಅದು."

ಲಕೋಟೆಗೆ ಹಾಕಿ, ಅಂಟು ನೆಕ್ಕಿ, ಅವಳೇ ಒತ್ತಿದಳು. ಪೋನ್ಸೊ ಅದರ ಮೇಲೂ ವಿಳಾಸ ಬರೆದ. ಹುಡುಗಿ ಪಾರ್ಸೆಲ್ಲಿಗೆ ಒಮ್ಮೆ, ಲಕೋಟೆಗೆ ಒಮ್ಮೆ ಠಸ್ಸೆ ಹೊಡೆದು, ಎರಡನ್ನೂ ಹಿಂದಿನ ಗೋಣಿಗೆ ಎಸೆದಳು.

"ಅತ್ತಿಗೆ," ಎಂದ ಪೋನ್ಸೊ ಬೇರೆ ಕಡೆ ನೋಡುತ್ತ, "ಲಂಗ ಕೊಡವಿಕೊಳ್ಳಿ. ಹಿಂದೆ."

ಲೂಮಿಂಗ್ ಕತ್ತು ತಿರುಗಿಸಿ ನೋಡಿದಳು. ಎರಡೂ ಕೈಯಿಂದ ಕೊಡವಿದಳು. ಬಿಳಿ ಪುಡಿ ಫ್ಯಾನಿನ ಗಾಳಿಗೆ ಒಮ್ಮೆ ಎದ್ದು ನೆಲಕ್ಕೆ ಇಳಿಯಿತು. ಅವಳು ಬೆಂಚಿನ ಮೇಲೆ ಕೂತಳು.

ಮುಚ್ಚುವ ಹೊತ್ತಾಗಿತ್ತು. ಗುಡಿಸುವವಳೊಬ್ಬಳು ಕಸಬರಿಕೆ ಹಿಡಿದು, ಗೋಂದಿನ ಚೂರು, ಹರಿದ ರಸೀತಿ, ಬಿಳಿ ಪುಡಿ ಎಲ್ಲವನ್ನೂ ಬಾಗಿಲ ಕಡೆಗೆ ತಳ್ಳುತ್ತ ಬೆಂಚಿನ ಹತ್ತಿರ ಬಂದಳು. ಲೂಮಿಂಗ್ ಎರಡೂ ಕಾಲು ಎತ್ತಿ ಜಾಗ ಕೊಟ್ಟಳು.